ವೈರಿ ನುಡಿದ ಸಾಕ್ಷ್ಯ: ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಬದುಕು ಮತ್ತು ಅವರ ಮನೆ



ಸೈನಿಕರ ನೆನಪಿಗಾಗಿ ನಡೆಯುವ ಈ ದತ್ತಿ ಉಪನ್ಯಾಸಕ್ಕೆ ಕರೆ ಬಂದಾಗ ಯಾರ ಕುರಿತು ಮಾತನಾಡಬೇಕೆಂದು ನಾನು ಹೆಚ್ಚು ಹುಡುಕಬೇಕಾಗಲಿಲ್ಲ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು 1965ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೊರಟರು. ಮತ್ತೆ ಬರಲಿಲ್ಲ. ಅಲ್ಲಿ ಅವರು ಮಾಡಿದ್ದೇನು ಎಂಬುದರ ಸುಳಿವು ನಮಗೆ ಸಿಗಲು 14 ವರ್ಷ ಬೇಕಾಯಿತು. ಅದಕ್ಕೆ ತಕ್ಕ ಗೌರವ ಸಲ್ಲಲು 23 ವರ್ಷ ಬೇಕಾಯಿತು.

ಅವರ ಸಾಹಸವನ್ನು ನಿಮ್ಮಲ್ಲಿ ಅನೇಕರು ಕೇಳಿದ್ದೀರಿ. 2025ರಲ್ಲಿ ತೆರೆಕಂಡ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಲನಚಿತ್ರ ಆ ಘಟನೆಯಿಂದಲೇ ಪ್ರೇರಣೆ ಪಡೆದದ್ದು. ಅಲ್ಲಿ ನಾಯಕನ ಹೆಸರು ಬೇರೆ. ಇಂದು ನಾನು ಆ ಸಾಹಸವನ್ನು ಹೇಳುವುದರ ಜೊತೆಗೆ ಇನ್ನೊಂದು ಮಾತನ್ನೂ ನಿಮ್ಮ ಮುಂದಿಡಬೇಕೆಂದು ಬಂದಿದ್ದೇನೆ. ಪರಾಕ್ರಮ ನಡೆದ ಮಾತ್ರಕ್ಕೆ ಅದು ಉಳಿಯುವುದಿಲ್ಲ. ಕಂಡವರು ಅದನ್ನು ಹೇಳಬೇಕು, ಕೇಳಿದವರು ಬರೆಯಬೇಕು, ಓದಿದವರು ಪಟ್ಟು ಹಿಡಿಯಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ವೀರನೊಬ್ಬ ಬರಿಯ ‘ಕಾಣೆಯಾದವರ’ ಪಟ್ಟಿಯಲ್ಲಿ ಉಳಿದುಬಿಡುತ್ತಾನೆ. ದೇವಯ್ಯನವರ ವಿಷಯದಲ್ಲಿ ಆ ಸರಪಳಿಯ ಮೊದಲ ಕೊಂಡಿ ಇದ್ದದ್ದು ಅವರ ವೈರಿಯ ಕೈಯಲ್ಲಿ.

ಒಕ್ಕದಿಂದ ವಾಯುಪಡೆಗೆ

ದೇವಯ್ಯನವರು ಹುಟ್ಟಿದ್ದು 1932ರ ಡಿಸೆಂಬರ್ 24ರಂದು. ತಂದೆ ಡಾಕ್ಟರ್ ಬೋಪಯ್ಯ. ಅಜ್ಜಮಾಡ ಎಂಬುದು ಅವರ ಒಕ್ಕದ, ಎಂದರೆ ಮನೆತನದ, ಹೆಸರು. ಕೊಡವರಲ್ಲಿ ವ್ಯಕ್ತಿಯ ಗುರುತು ಆರಂಭವಾಗುವುದೇ ಒಕ್ಕದಿಂದ. ಊರು, ಉದ್ಯೋಗ, ಪದವಿಗಳೆಲ್ಲ ಆಮೇಲೆ. ಆಗ ಕೊಡಗು ಬ್ರಿಟಿಷರ ಆಡಳಿತದಲ್ಲಿದ್ದ ಪ್ರತ್ಯೇಕ ಪ್ರಾಂತ. ಅದು ಮೈಸೂರು ರಾಜ್ಯದೊಂದಿಗೆ ಸೇರಿದ್ದು 1956ರ ನವೆಂಬರ್ 1ರಂದು. ಕಾರ್ಯಪ್ಪ, ತಿಮ್ಮಯ್ಯನವರಂಥ ಸೇನಾನಿಗಳನ್ನು ಕೊಟ್ಟ ಈ ನಾಡಿನಲ್ಲಿ ಸೈನ್ಯ ಸೇರುವುದು ಮನೆಮನೆಯ ರೂಢಿ. ರಜೆಯಲ್ಲಿ ಬಂದ ಯೋಧ ಮದುವೆ ಮನೆಯಲ್ಲಿ ಸಿಗುತ್ತಾನೆ, ನಿವೃತ್ತನಾದವನು ಕಾಫಿ ತೋಟದಲ್ಲಿ ಸಿಗುತ್ತಾನೆ. ಅಂಥ ಕಡೆ ಬೆಳೆದ ಹುಡುಗನಿಗೆ ಸಮವಸ್ತ್ರ ಹೊಸ ವಿಷಯವೇನಲ್ಲ. ಆದರೆ ದೇವಯ್ಯನವರು ಆರಿಸಿಕೊಂಡದ್ದು ಭೂಸೇನೆಯನ್ನಲ್ಲ, ಆಗಿನ್ನೂ ಹರೆಯದಲ್ಲಿದ್ದ ವಾಯುಪಡೆಯನ್ನು.

ಭಾರತೀಯ ವಾಯುಪಡೆ ಸ್ಥಾಪನೆಯಾದದ್ದು 1932ರ ಅಕ್ಟೋಬರ್ 8ರಂದು. ಎಂದರೆ ದೇವಯ್ಯನವರೂ ವಾಯುಪಡೆಯೂ ಒಂದೇ ವರ್ಷದವರು. ಅದರ ಮೊದಲ ತುಕಡಿಯಾದ ಒಂದನೇ ಸ್ಕ್ವಾಡ್ರನ್ 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ಹುಟ್ಟಿತು. ಮೂವತ್ತೆರಡು ವರ್ಷಗಳ ನಂತರ ದೇವಯ್ಯನವರು ತಮ್ಮ ಕೊನೆಯ ಹಾರಾಟ ನಡೆಸಿದ್ದು ಇದೇ ಸ್ಕ್ವಾಡ್ರನ್ನಿನ ವಿಮಾನದಲ್ಲಿ, ಕರಾಚಿ ಸೇರಿಹೋಗಿದ್ದ ಇನ್ನೊಂದು ದೇಶದ ಮೇಲೆ. ಅಂದು ಭಾರತದ ವಾಯುಪಡೆಯ ಮುಖ್ಯಸ್ಥರಾಗಿದ್ದ ಅರ್ಜನ್ ಸಿಂಗ್ ಮತ್ತು ಪಾಕಿಸ್ತಾನದ ವಾಯುಪಡೆಯ ಮುಖ್ಯಸ್ಥರಾಗಿದ್ದ ನೂರ್ ಖಾನ್ ಇಬ್ಬರೂ ದೇಶ ವಿಭಜನೆಗೆ ಮೊದಲು ಒಂದೇ ವಾಯುಪಡೆಯ ಅಧಿಕಾರಿಗಳು. ಒಂದೇ ಗರಡಿಯಲ್ಲಿ ಪಳಗಿದವರು ಎದುರುಬದುರಾಗಿ ನಿಂತ ಯುದ್ಧ ಅದು. ಮುಂದೆ ಬರುವ ಸಂಗತಿಗಳನ್ನು ಅರಿಯಲು ಈ ಹಿನ್ನೆಲೆ ಅಗತ್ಯ.

1954ರಲ್ಲಿ ದೇವಯ್ಯನವರು ಪೈಲಟ್ ಅಧಿಕಾರಿಯಾಗಿ ವಾಯುಪಡೆ ಸೇರಿದರು. ಗೆಳೆಯರ ಬಳಗದಲ್ಲಿ ‘ಟಬ್ಬಿ’ ಎಂಬ ಅಡ್ಡಹೆಸರು. ಸುಂದರಿಯವರನ್ನು ಮದುವೆಯಾದರು. ಇಬ್ಬರು ಹೆಣ್ಣುಮಕ್ಕಳ ತಂದೆಯಾದರು. ಹಾರಾಟದಲ್ಲಿ ಪಳಗಿದ ಮೇಲೆ ಬೋಧಕರಾಗಿ ಹೊಸ ಹುಡುಗರಿಗೆ ವಿಮಾನ ಹಾರಿಸುವುದನ್ನು ಕಲಿಸುವ ಹೊಣೆ ಅವರಿಗೆ ಬಂತು. ವಾಯುಪಡೆಯಲ್ಲಿ ಬೋಧಕನಾಗುವುದು ಸುಮ್ಮನೆ ದಕ್ಕುವ ಕೆಲಸವಲ್ಲ. ಕಲಿಯುವ ಕೈ ತಪ್ಪು ಮಾಡಿದಾಗ ಕೆಲವೇ ಕ್ಷಣಗಳಲ್ಲಿ ಅದನ್ನು ಸರಿಪಡಿಸುವ ಜಾಣ್ಮೆ ಬೇಕು, ತಪ್ಪು ಎಲ್ಲಿಯವರೆಗೆ ನಡೆಯಬಹುದು ಎಂದು ಅಳೆದು ಕಾಯುವ ತಾಳ್ಮೆಯೂ ಬೇಕು. ಈ ಎರಡು ಗುಣಗಳನ್ನು ನೆನಪಿಟ್ಟುಕೊಳ್ಳಿ. ಸರ್ಗೋಧಾದ ಆಕಾಶದಲ್ಲಿ ಅವರ ಕೈಗೆ ಬಂದದ್ದು ಇವೇ.

1965ರ ಸೆಪ್ಟೆಂಬರ್

ಯುದ್ಧ ಶುರುವಾದಾಗ ಬೋಧಕರನ್ನೂ ಸ್ಕ್ವಾಡ್ರನ್‌ಗಳಿಗೆ ಕರೆಸಿಕೊಳ್ಳಲಾಯಿತು. ದೇವಯ್ಯನವರು ಪಂಜಾಬಿನ ಆದಂಪುರದಲ್ಲಿದ್ದ ಒಂದನೇ ಸ್ಕ್ವಾಡ್ರನ್ ಸೇರಿಕೊಂಡರು. ಸೆಪ್ಟೆಂಬರ್ 6ರಂದು ಭಾರತದ ಸೇನೆ ಲಾಹೋರ್ ದಿಕ್ಕಿನಲ್ಲಿ ಅಂತರರಾಷ್ಟ್ರೀಯ ಗಡಿ ದಾಟಿತು. ಅದೇ ಸಂಜೆ ಪಾಕಿಸ್ತಾನಿ ವಿಮಾನಗಳು ಪಠಾಣ್‌ಕೋಟ್ ನೆಲೆಯ ಮೇಲೆ ಎರಗಿ, ನೆಲದ ಮೇಲೆ ನಿಂತಿದ್ದ ನಮ್ಮ ವಿಮಾನಗಳನ್ನು ನಾಶಮಾಡಿದವು. ಮರುದಿನ ಬೆಳಗಾಗುವ ಹೊತ್ತಿಗೆ ಅದಕ್ಕೆ ಉತ್ತರ ಕೊಡಬೇಕಿತ್ತು. ಗುರಿ ಸರ್ಗೋಧಾ. ಪಾಕಿಸ್ತಾನಿ ವಾಯುಪಡೆಯ ಬಲದ ದೊಡ್ಡ ಪಾಲು ನೆಲೆಗೊಂಡಿದ್ದ ಕೇಂದ್ರ ಅದು.

ಆದಂಪುರದಿಂದ ಸರ್ಗೋಧಾಕ್ಕೆ ನೇರ ದಾರಿಯಲ್ಲಿ ಸುಮಾರು 300 ಕಿಲೋಮೀಟರ್. ಒಂದನೇ ಸ್ಕ್ವಾಡ್ರನ್ನಿನ ಬಳಿ ಇದ್ದದ್ದು ಫ್ರಾನ್ಸಿನ ಮಿಸ್ಟೇರ್ ವಿಮಾನಗಳು. ರೇಡಾರ್ ಕಣ್ಣಿಗೆ ಬೀಳದಂತೆ ನೆಲಕ್ಕೆ ತೀರ ಹತ್ತಿರದಲ್ಲಿ ಹಾರಬೇಕು. ತಗ್ಗಿನಲ್ಲಿ ಹಾರಿದಷ್ಟೂ ಇಂಧನ ಹೆಚ್ಚು ಖರ್ಚಾಗುತ್ತದೆ. ಹೋಗಿ, ಬಾಂಬು ಹಾಕಿ, ನೇರವಾಗಿ ಮರಳಿದರೆ ಮಾತ್ರ ಇಂಧನ ಸಾಕಾಗುವಂಥ ಲೆಕ್ಕಾಚಾರ ಅದು. ನಡುವೆ ಕಾದಾಟಕ್ಕೆ ನಿಂತರೆ ಮನೆಗೆ ಮರಳುವ ಇಂಧನ ಉಳಿಯುವುದಿಲ್ಲ. ಕಾಕ್‌ಪಿಟ್ಟಿನಲ್ಲಿ ಕೂತ ಪ್ರತಿಯೊಬ್ಬನಿಗೂ ಇದು ಗೊತ್ತಿತ್ತು.

ದಾಳಿಯ ನಾಯಕರು ವಿಂಗ್ ಕಮಾಂಡರ್ ಓ.ಪಿ. ತನೇಜಾ. ಹೊರಡಬೇಕಾಗಿದ್ದದ್ದು ಹನ್ನೆರಡು ವಿಮಾನಗಳು. ಯಾವುದಾದರೂ ಕೆಟ್ಟು ನಿಂತರೆ ಇರಲಿ ಎಂದು ಮೀಸಲು ಇರಿಸಿದ್ದ ಪೈಲಟ್‌ಗಳಲ್ಲಿ ದೇವಯ್ಯನವರೂ ಒಬ್ಬರು. ಎಂದರೆ ಹೋಗುವವರ ಮೂಲ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ತಂಡದಿಂದ ಒಂದು ವಿಮಾನ ಹಿಂದೆ ಸರಿಯಿತು, ಆ ಜಾಗಕ್ಕೆ ಇವರು ಏರಿದರು. ಬೇರೊಬ್ಬನ ಬದಲಿಗೆ ಹೋದವರು ಅವರು.

ಎರಡು ಯಂತ್ರಗಳು, ಇಬ್ಬರು ಮನುಷ್ಯರು

ಸರ್ಗೋಧಾದ ಸುತ್ತ ಅಂದು ಕಾವಲು ಕಾಯುತ್ತಿದ್ದವರಲ್ಲಿ ಪಾಕಿಸ್ತಾನಿ ವಾಯುಪಡೆಯ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಒಬ್ಬರು. ಅವರು ಹಾರಿಸುತ್ತಿದ್ದದ್ದು ಅಮೆರಿಕದ ಲಾಕ್‌ಹೀಡ್ ಕಂಪನಿಯ ಎಫ್-104 ಸ್ಟಾರ್‌ಫೈಟರ್. ಈ ಎರಡು ವಿಮಾನಗಳ ನಡುವಿನ ಅಂತರವನ್ನು ತಿಳಿಯದೆ ಅಂದಿನ ಕಾಳಗ ಅರ್ಥವಾಗುವುದಿಲ್ಲ.

ಸ್ಟಾರ್‌ಫೈಟರ್ ಶಬ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದು. ಶಾಖವನ್ನು ಅರಸಿ ಹೋಗುವ ಸೈಡ್‌ವೈಂಡರ್ ಕ್ಷಿಪಣಿ ಅದರ ಬಳಿ ಇತ್ತು. ಜೊತೆಗೆ ನಿಮಿಷಕ್ಕೆ 6,000 ಗುಂಡು ಉಗುಳುವ, ಆರು ನಳಿಗೆಗಳ 20 ಮಿಲಿಮೀಟರ್ ಫಿರಂಗಿ. ಮಿಸ್ಟೇರ್ ಹಿಂದಿನ ತಲೆಮಾರಿನದು. ನೇರ ಹಾರಾಟದಲ್ಲಿ ಶಬ್ದದ ವೇಗವನ್ನು ಮುಟ್ಟಲಾರದು, ಮೇಲಿಂದ ಕೆಳಕ್ಕೆ ಧುಮುಕುವಾಗ ಮಾತ್ರ ದಾಟಬಲ್ಲದು. ಅದರ ಬಳಿ ಇದ್ದದ್ದು 30 ಮಿಲಿಮೀಟರಿನ ಎರಡು ಫಿರಂಗಿಗಳು. ಕಾಗದದ ಮೇಲೆ ಹೋಲಿಸಿದರೆ ಈ ಜೋಡಿ ಸರಿಸಾಟಿಯೇ ಅಲ್ಲ. ಸ್ಟಾರ್‌ಫೈಟರ್ ಬೇಕೆಂದಾಗ ಮೇಲೆ ಬಿದ್ದು, ಬೇಡವೆಂದಾಗ ಬಿಟ್ಟುಹೋಗಬಲ್ಲದು. ಮಿಸ್ಟೇರ್‌ಗೆ ಓಡಿ ತಪ್ಪಿಸಿಕೊಳ್ಳುವ ದಾರಿ ಇಲ್ಲ.

ಆದರೆ ಸ್ಟಾರ್‌ಫೈಟರ್‌ಗೂ ಒಂದು ಕೊರತೆ ಇತ್ತು. ವೇಗಕ್ಕಾಗಿಯೇ ಕಟ್ಟಿದ ವಿಮಾನವಾದ್ದರಿಂದ ಅದರ ರೆಕ್ಕೆಗಳು ಗಿಡ್ಡ, ತೆಳು. ಆಕಾಶದಲ್ಲಿ ಬಿಗಿಯಾಗಿ ತಿರುಗಲು ಅದಕ್ಕೆ ಕಷ್ಟ. ನೆಲದ ಸಮೀಪದಲ್ಲಿ, ವೇಗ ತಗ್ಗಿಸಿ, ಎದುರಾಳಿಯ ಹಿಂದೆ ಸುತ್ತುಹೊಡೆಯತೊಡಗಿದರೆ ಅದರ ಮೇಲುಗೈ ಕರಗಿಹೋಗುತ್ತದೆ. ಅಂಥ ಸುತ್ತಾಟದಲ್ಲಿ ಮಿಸ್ಟೇರ್ ಅದಕ್ಕಿಂತ ಚುರುಕು. ಬೋಧಕನಿಗೆ ಇದು ಪಾಠದ ವಿಷಯ. ಆದರೆ ಪಾಠದ ಕೊಠಡಿಯಲ್ಲಿ ಹೇಳುವುದು ಬೇರೆ, ಗುಂಡೇಟು ತಿಂದ ವಿಮಾನದಲ್ಲಿ ಕೂತು ಮಾಡಿ ತೋರಿಸುವುದು ಬೇರೆ.

ಅಮ್ಜದ್ ಹುಸೇನ್ ಒಂಟಿಯಾಗಿದ್ದ ಮಿಸ್ಟೇರ್ ಒಂದನ್ನು ಕಂಡು ಬೆನ್ನಟ್ಟಿ ಫಿರಂಗಿಯಿಂದ ಹೊಡೆದರು. ಗುಂಡು ತಗಲಿತು. ಆ ಮಿಸ್ಟೇರ್‌ನಲ್ಲಿದ್ದವರು ದೇವಯ್ಯ. ಅವರ ವಿಮಾನ ಬೀಳಲಿಲ್ಲ. ಏಟು ತಿಂದ ವಿಮಾನವನ್ನು ಗಡಿಯತ್ತ ತಿರುಗಿಸುವ ಪ್ರಯತ್ನ ಅವರು ಮಾಡಬಹುದಿತ್ತು; ಹಾಗೆ ಮಾಡಿದ್ದರೆ ಯಾರೂ ತಪ್ಪು ಹುಡುಕುತ್ತಿರಲಿಲ್ಲ. ಅವರು ವೈರಿಯ ಕಡೆಗೆ ತಿರುಗಿದರು. ತಗ್ಗಿನ ಆಕಾಶದಲ್ಲಿ ಸುತ್ತಿಗೆ ಸುತ್ತು ಕೊಟ್ಟು, ಹೆಚ್ಚು ವೇಗದ ವಿಮಾನವನ್ನು ತಮ್ಮ ಫಿರಂಗಿಯ ಮುಂದಕ್ಕೆ ತಂದುಕೊಂಡು ಹೊಡೆದರು. ಸ್ಟಾರ್‌ಫೈಟರ್ ಹತೋಟಿ ತಪ್ಪಿತು. ಅಮ್ಜದ್ ಹುಸೇನ್ ಪ್ಯಾರಾಚೂಟಿನ ನೆರವಿನಿಂದ ಜೀವ ಉಳಿಸಿಕೊಂಡರು. ದೇವಯ್ಯನವರ ಮಿಸ್ಟೇರ್ ಪಾಕಿಸ್ತಾನದ ನೆಲದಲ್ಲೇ ಬಿತ್ತು. ಅವರಿಗಿನ್ನೂ 33 ತುಂಬಿರಲಿಲ್ಲ. ಅವರ ದೇಹವನ್ನು ಅಲ್ಲಿಯ ಹಳ್ಳಿಯವರೇ ಮಣ್ಣು ಮಾಡಿದರೆಂದು ಆ ಕಡೆಯಿಂದ ಬಂದ ವಿವರಗಳು ಹೇಳುತ್ತವೆ.

ಜೊತೆಯಲ್ಲಿ ಹೋದ ಯಾರೂ ಇದನ್ನು ನೋಡಲಿಲ್ಲ. ಮಿಸ್ಟೇರ್‌ಗಳು ಆದಂಪುರದಲ್ಲಿ ಒಂದೊಂದಾಗಿ ಇಳಿದಾಗ, ಹೋದವುಗಳಲ್ಲಿ ಒಂದು ಬರಲಿಲ್ಲ ಎಂಬುದಷ್ಟೇ ಅಂದು ಗೊತ್ತಾದ ಸಂಗತಿ. ವಿಮಾನವಿರೋಧಿ ತೋಪಿಗೆ ಸಿಕ್ಕಿತೋ, ಇಂಧನ ಮುಗಿಯಿತೋ, ದಾರಿ ತಪ್ಪಿತೋ ಹೇಳಬಲ್ಲವರು ಇರಲಿಲ್ಲ.

ಸುದ್ದಿ ಇಲ್ಲದ ಮನೆ

ಈಗ ಮನೆಯ ಕಡೆ ಬರೋಣ. ಯುದ್ಧದ ಪುಸ್ತಕಗಳು ಇಲ್ಲಿಗೆ ಬರುವುದು ಅಪರೂಪ. ‘ಪತ್ನಿ ಮತ್ತು ಇಬ್ಬರು ಮಕ್ಕಳನ್ನು ಅಗಲಿದ್ದಾರೆ’ ಎಂಬ ಒಂದು ಸಾಲಿನಲ್ಲಿ ಅವು ಮುಗಿಸುತ್ತವೆ. ಆ ಒಂದು ಸಾಲಿನಲ್ಲಿ ಹಲವು ದಶಕಗಳು ಅಡಗಿವೆ.

ಕೊಡವ ಸಂಪ್ರದಾಯದಲ್ಲಿ ಗಂಡುಮಗು ಹುಟ್ಟಿದಾಗ ಒಂದು ಗುಂಡು ಹಾರಿಸುತ್ತಾರೆ. ಸಾವಾದಾಗ ಎರಡು ಗುಂಡು. ಆ ಸದ್ದು ಕೇಳಿದ ನೆರೆಹೊರೆಯವರು ಕೆಲಸ ಬಿಟ್ಟು ಸಾವಿನ ಮನೆಗೆ ಬರುತ್ತಾರೆ. ದುಃಖವನ್ನು ಊರೆಲ್ಲ ಸೇರಿ ಹೊರುವ ವ್ಯವಸ್ಥೆ ಅದು. ತೀರಿಕೊಂಡವರು ಆಮೇಲೆ ಕಾರೋಣರ, ಎಂದರೆ ಪೂರ್ವಜರ, ಸಾಲಿಗೆ ಸೇರುತ್ತಾರೆ, ಅವರಿಗೆ ಎಡೆ ಇಟ್ಟು ನೆನೆಯುತ್ತಾರೆ. ಇದೆಲ್ಲ ಶುರುವಾಗಬೇಕಾದರೆ ‘ಸತ್ತರು’ ಎಂದು ಯಾರಾದರೂ ಖಚಿತವಾಗಿ ಹೇಳಬೇಕು. ‘ಕಾಣೆಯಾಗಿದ್ದಾರೆ’ ಎಂಬ ಸುದ್ದಿ ಬಂದ ಮನೆಗೆ ಈ ಯಾವ ವ್ಯವಸ್ಥೆಯೂ ನೆರವಿಗೆ ಬರುವುದಿಲ್ಲ. ಅಳುವುದೂ ಅಪಶಕುನ, ನಗುವುದೂ ತಪ್ಪು. ಸೆರೆಯಾಳುಗಳ ಪಟ್ಟಿಯಲ್ಲಿ ಹೆಸರು ಬರಬಹುದು, ಯಾವುದೋ ಆಸ್ಪತ್ರೆಯಲ್ಲಿ ಗುರುತು ಸಿಗದೆ ಇರಬಹುದು ಎಂದು ಮನಸ್ಸು ದಾರಿ ಕಾಯುತ್ತದೆ. ಅಂಚೆಯವನ ಸೈಕಲ್ಲಿನ ಸದ್ದಿಗೆಲ್ಲ ಎದೆ ಹಾರುತ್ತದೆ.

ಇಂಥ ಕಾಯುವಿಕೆ ಒಂದು ಮನೆಗೆ ಮಾತ್ರ ಬಂದದ್ದಲ್ಲ. 1971ರ ಡಿಸೆಂಬರ್ 5ರಂದು ಪಾಕಿಸ್ತಾನದಲ್ಲಿ ವಿಮಾನ ಬಿದ್ದು ಕಾಣೆಯಾದ ಫ್ಲೈಟ್ ಲೆಫ್ಟಿನೆಂಟ್ ವಿಜಯ್ ವಸಂತ್ ತಾಂಬೆಯವರ ಪತ್ನಿ ದಮಯಂತಿ ತಾಂಬೆ ರಾಷ್ಟ್ರೀಯ ಬ್ಯಾಡ್ಮಿಂಟನ್ ಚಾಂಪಿಯನ್ ಆಗಿದ್ದವರು. ಮದುವೆಯಾಗಿ ಎರಡು ವರ್ಷವೂ ಕಳೆದಿರಲಿಲ್ಲ. ಅಲ್ಲಿಂದ ಮುಂದೆ ಅವರ ಬದುಕು ಗಂಡನ ಸುಳಿವಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವುದರಲ್ಲೇ ಸವೆಯಿತು. 1971ರಲ್ಲಿ ಕಾಣೆಯಾದ ನಮ್ಮ ಯೋಧರ ಮನೆಯವರ ಒಂದು ತಂಡ 2007ರಲ್ಲಿ ಪಾಕಿಸ್ತಾನದ ಜೈಲುಗಳಿಗೇ ಹೋಗಿ ಹುಡುಕಿಬಂತು. ಮೂವತ್ತಾರು ವರ್ಷಗಳ ನಂತರವೂ ಹುಡುಕುತ್ತಾರೆಂದರೆ, ಸಾವಿಗಿಂತ ಸುದ್ದಿಯಿಲ್ಲದಿರುವುದು ಎಷ್ಟು ಭಾರ ಎಂಬುದನ್ನು ನಾವು ಊಹಿಸಬಹುದು.

ಸುಂದರಿ ದೇವಯ್ಯನವರು ಚಿಕ್ಕವಯಸ್ಸಿನಲ್ಲಿ, ಪುಟ್ಟ ಮಕ್ಕಳೊಂದಿಗೆ, ಈ ಭಾರವನ್ನು ಹೊತ್ತರು. ಅಪ್ಪನಿಗೆ ಏನಾಯಿತು ಎಂದು ಮಕ್ಕಳು ಕೇಳಿದರೆ ಕೊಡಲು ತಾಯಿಯ ಬಳಿ ಉತ್ತರ ಇರಲಿಲ್ಲ, ಏಕೆಂದರೆ ದೇಶದ ಬಳಿಯೂ ಇರಲಿಲ್ಲ. ಆಕಾಶದಲ್ಲಿ ದೇವಯ್ಯನವರು ತೋರಿದ ಧೈರ್ಯ ಕೆಲವು ನಿಮಿಷಗಳದು. ನೆಲದ ಮೇಲೆ ಸುಂದರಿಯವರು ತೋರಿದ ಧೈರ್ಯ 23 ವರ್ಷಗಳದು. ಎರಡನ್ನೂ ಒಂದೇ ಮನೆತನದ ಚರಿತ್ರೆಯೆಂದು ಓದಬೇಕೆಂಬುದು ನನ್ನ ಕೋರಿಕೆ.

ಸತ್ಯ ಬಂದ ದಾರಿ

1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು 1965ರ ವಾಯುಯುದ್ಧವನ್ನು ಕುರಿತು ‘ಬ್ಯಾಟಲ್ ಫಾರ್ ಪಾಕಿಸ್ತಾನ್’ ಎಂಬ ಪುಸ್ತಕ ಪ್ರಕಟಿಸಿದರು. ಪಾಕಿಸ್ತಾನಿ ವಾಯುಪಡೆಯ ಸಹಕಾರದಿಂದ, ಅದರ ಪೈಲಟ್‌ಗಳ ಹೇಳಿಕೆಗಳನ್ನು ಆಧರಿಸಿ ಬರೆದ ಪುಸ್ತಕ ಅದು. ಸೆಪ್ಟೆಂಬರ್ 7ರಂದು ಸರ್ಗೋಧಾದ ಬಳಿ ಸ್ಟಾರ್‌ಫೈಟರ್ ಒಂದು ಮಿಸ್ಟೇರ್ ವಿಮಾನದೊಂದಿಗಿನ ಕಾದಾಟದಲ್ಲಿ ಉರುಳಿದ ಸಂಗತಿ ಆ ಪುಸ್ತಕದಿಂದ ಬೆಳಕಿಗೆ ಬಂತು. ತಮ್ಮ ಹೆಮ್ಮೆಯ ವಿಮಾನವನ್ನು ಹಳೆಯ ತಲೆಮಾರಿನ ವಿಮಾನವೊಂದು ಕೆಡವಿತು ಎಂದು ಹೇಳಿಕೊಳ್ಳುವುದು ಯಾವ ವಾಯುಪಡೆಗೂ ಸುಲಭವಲ್ಲ. ಆದರೂ ಅದು ಮುಚ್ಚಿಹೋಗಲಿಲ್ಲ.

ಆ ಬೆಳಿಗ್ಗೆಯ ದಾಳಿಯಿಂದ ಮರಳದ ಮಿಸ್ಟೇರ್ ಒಂದೇ. ಅದರಲ್ಲಿದ್ದವರು ಯಾರು ಎಂಬುದು ನಮ್ಮ ದಾಖಲೆಯಲ್ಲಿತ್ತು. ಅದು ಏನು ಮಾಡಿತು ಎಂಬುದು ಅವರ ದಾಖಲೆಯಲ್ಲಿತ್ತು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದುವವರು ಬೇಕಿತ್ತು. ಆ ಕೆಲಸ ಮಾಡಿದವರಲ್ಲಿ ಪ್ರಮುಖರು ವಾಯುಪಡೆಯ ಚರಿತ್ರೆಯನ್ನು ಒಟ್ಟುಗೂಡಿಸುತ್ತಿದ್ದ ಏರ್ ಕಮೋಡೋರ್ ಪ್ರೀತಂ ಸಿಂಗ್. ಓದಿ ಸುಮ್ಮನಾಗದೆ, ಈ ಪರಾಕ್ರಮಕ್ಕೆ ತಕ್ಕ ಗೌರವ ಸಲ್ಲಬೇಕೆಂದು ಅವರು ಒತ್ತಾಯಿಸಿದರು. 1988ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಘೋಷಣೆಯಾಯಿತು. ಯುದ್ಧಕಾಲದ ಶೌರ್ಯಕ್ಕೆ ನಮ್ಮ ದೇಶ ಕೊಡುವ ಎರಡನೇ ಅತ್ಯುನ್ನತ ಪುರಸ್ಕಾರ ಅದು. ವಾಯುಪಡೆಯಲ್ಲಿ ಮರಣೋತ್ತರವಾಗಿ ಅದನ್ನು ಪಡೆದವರು ದೇವಯ್ಯನವರೊಬ್ಬರೇ. ಪದಕವನ್ನು ಸ್ವೀಕರಿಸಿದವರು ಸುಂದರಿಯವರು.

ಈ ದಾರಿಯಲ್ಲಿ ಆಕಸ್ಮಿಕ ಎಷ್ಟಿತ್ತು ನೋಡಿ. ಅಮ್ಜದ್ ಹುಸೇನ್ ಅಂದು ಬದುಕಿ ಉಳಿಯದಿದ್ದರೆ ಹೇಳುವವರಿರಲಿಲ್ಲ. ಅವರು ಮತ್ತೆ 1971ರ ಯುದ್ಧದಲ್ಲಿ ಅಮೃತಸರದ ಬಳಿ ನಮ್ಮ ವಿಮಾನವಿರೋಧಿ ಗುಂಡಿಗೆ ಸಿಕ್ಕಿ, ಪ್ಯಾರಾಚೂಟಿನಿಂದ ಇಳಿದು, ನಮ್ಮಲ್ಲಿ ಯುದ್ಧ ಕೈದಿಯಾಗಿ ಇದ್ದು ಹೋದರು. ಆ ದಿನಗಳಲ್ಲಿ ನಮ್ಮ ಕೈಯಲ್ಲೇ ಇದ್ದ ಸಾಕ್ಷಿ ಅವರು. ಆದರೆ ಪುಸ್ತಕ ಬರಲು ಇನ್ನೂ ಎಂಟು ವರ್ಷವಿತ್ತು. ವಿದೇಶಿ ಲೇಖಕರೊಬ್ಬರು ಬರೆಯದಿದ್ದರೆ, ನಮ್ಮ ಅಧಿಕಾರಿಯೊಬ್ಬರು ವೈರಿಯ ಪರವಾಗಿ ಬರೆದ ಪುಸ್ತಕವೆಂದು ಅದನ್ನು ಪಕ್ಕಕ್ಕೆ ಸರಿಸಿದ್ದರೆ, ಇಂದು ಮಡಿಕೇರಿಯಲ್ಲಿ ನಿಂತಿರುವ ದೇವಯ್ಯನವರ ಪ್ರತಿಮೆಯೂ ಇರುತ್ತಿರಲಿಲ್ಲ.

ವೈರಿಯ ಜೊತೆಗೂ ಘನತೆಯಿಂದ ನಡೆದುಕೊಳ್ಳುವುದು ಕೊಡಗಿಗೆ ಅಪರಿಚಿತವಲ್ಲ. ಅದೇ 1965ರ ಸೆಪ್ಟೆಂಬರ್ 22ರಂದು ಹಂಟರ್ ವಿಮಾನ ಹಾರಿಸುತ್ತಿದ್ದ ಕೆ.ಸಿ. ನಂದಾ ಕಾರ್ಯಪ್ಪನವರು ಪಾಕಿಸ್ತಾನದಲ್ಲಿ ಸೆರೆಸಿಕ್ಕರು. ಅವರ ತಂದೆ ಜನರಲ್ ಕಾರ್ಯಪ್ಪನವರ ಕೈಕೆಳಗೆ ವಿಭಜನೆಗೆ ಮೊದಲು ಕೆಲಸ ಮಾಡಿದ್ದ ಅಯೂಬ್ ಖಾನ್ ಆಗ ಪಾಕಿಸ್ತಾನದ ಅಧ್ಯಕ್ಷರು. ಮಗನ ಕುರಿತು ಅಯೂಬ್ ಖಾನ್‌ರಿಂದ ಕಾಳಜಿಯ ಸಂದೇಶ ಬಂದಾಗ, ಸೆರೆಯಲ್ಲಿರುವ ಎಲ್ಲ ಭಾರತೀಯ ಯೋಧರನ್ನೂ ಸಮನಾಗಿ ನೋಡಿಕೊಳ್ಳಿ, ನನ್ನ ಮಗನಿಗೆಂದು ವಿಶೇಷ ಸೌಲಭ್ಯ ಬೇಡ ಎಂದರು ತಂದೆ. ಅದೇ ತಿಂಗಳು, ಅದೇ ಜಿಲ್ಲೆಯ ಎರಡು ಮನೆಗಳು. ಒಂದು ಮನೆಗೆ ಮಗ ಮರಳಿದ, ಮುಂದೆ ಏರ್ ಮಾರ್ಷಲ್ ಆದ. ಇನ್ನೊಂದು ಮನೆಗೆ ಸುದ್ದಿಯೂ ಬರಲಿಲ್ಲ.

ನಮ್ಮ ಪಾಲಿನ ಕೆಲಸ

ದೇವಯ್ಯನವರ ಕುರಿತು ನಾನು ಹೇಳಬೇಕಾದದ್ದನ್ನು ಹೇಳಿದ್ದೇನೆ. ಇನ್ನು ನಮ್ಮ ಕುರಿತು ಎರಡು ಮಾತು.

1965ರಲ್ಲಿ 25ರ ಹರೆಯದಲ್ಲಿದ್ದ ಯೋಧ ಇಂದು 85 ದಾಟಿದ್ದಾನೆ. 1971ರವರೂ ಎಂಬತ್ತರ ಹತ್ತಿರ ಬಂದಿದ್ದಾರೆ. ಕೊಡಗಿನಲ್ಲಿ, ಹಾಸನದಲ್ಲಿ, ಬೆಳಗಾವಿ, ವಿಜಯಪುರ, ಧಾರವಾಡಗಳ ಹಳ್ಳಿಗಳಲ್ಲಿ ಇಂಥವರು ಇದ್ದಾರೆ. ಅವರು ಕಂಡದ್ದರಲ್ಲಿ ಬಹುಪಾಲು ಯಾವ ಕಡತದಲ್ಲೂ ಇಲ್ಲ. ಅವರ ಪತ್ನಿಯರು ಕಂಡದ್ದಂತೂ ಎಲ್ಲಿಯೂ ಇಲ್ಲ. ಟ್ರಂಕಿನ ತಳದಲ್ಲಿ ಹಳೆಯ ಪತ್ರಗಳಿವೆ, ಲಾಗ್‌ಬುಕ್ಕುಗಳಿವೆ, ಹಿಂದೆ ಹೆಸರು ಬರೆಯದ ಫೋಟೋಗಳಿವೆ. ಹೆಸರು ಹೇಳಬಲ್ಲ ಒಬ್ಬರು ಹೋದ ಮೇಲೆ ಆ ಫೋಟೋ ಬರಿಯ ಕಾಗದ.

ಈ ದತ್ತಿಯ ನಿರ್ವಾಹಕರಲ್ಲಿ ನನ್ನದೊಂದು ವಿನಂತಿ. ವರ್ಷಕ್ಕೊಂದು ಭಾಷಣದ ಜೊತೆಗೆ ವರ್ಷಕ್ಕೊಂದು ತಾಲೂಕನ್ನು ಆರಿಸಿಕೊಳ್ಳೋಣ. ಕಾಲೇಜಿನ ಎನ್‌ಸಿಸಿ ಮತ್ತು ಇತಿಹಾಸ ವಿಭಾಗದ ವಿದ್ಯಾರ್ಥಿಗಳು ಮಾಜಿ ಸೈನಿಕರ ಮನೆಗೆ ಹೋಗಲಿ, ಅವರ ಮಾತನ್ನು ಕನ್ನಡದಲ್ಲಿ, ಕೊಡವ ತಕ್ಕಿನಲ್ಲಿ, ಅವರ ಮನೆಮಾತು ಯಾವುದೋ ಅದರಲ್ಲಿ ಧ್ವನಿಮುದ್ರಿಸಿಕೊಳ್ಳಲಿ. ಗಂಡಸರ ಮಾತು ಮುಗಿದ ಮೇಲೆ ಎದ್ದು ಬರಬೇಡಿ. ಒಳಗಿರುವ ಅಜ್ಜಿಯನ್ನೂ ಕೂರಿಸಿ ಕೇಳಿ. ಗಂಡ ಗಡಿಯಲ್ಲಿದ್ದಾಗ ಮಕ್ಕಳ ಶಾಲೆಯ ಫೀಸು ಹೇಗೆ ಕಟ್ಟಿದಿರಿ, ಪತ್ರ ಎಷ್ಟು ದಿನಕ್ಕೆ ಬರುತ್ತಿತ್ತು, ಬಾರದಿದ್ದಾಗ ಯಾರ ಬಳಿ ಹೋಗುತ್ತಿದ್ದಿರಿ ಎಂದು ಕೇಳಿ. ಪತ್ರಗಳನ್ನು ಸ್ಕ್ಯಾನ್ ಮಾಡಿ ಮೂಲವನ್ನು ಅವರಿಗೇ ಮರಳಿಸಿ. ಹೇಳಿದ್ದನ್ನು ಹೇಳಿದಂತೆ ಬರೆಯಿರಿ. ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನೊಂದಿಗೆ, ಸಾಧ್ಯವಾದಲ್ಲಿ ಎದುರು ಪಕ್ಷದ ಬರಹದೊಂದಿಗೂ ಹೋಲಿಸಿ ನೋಡಿ. ಉಬ್ಬಿಸಿ ಬರೆದ ಶೌರ್ಯ ನಿಜವಾದ ಶೌರ್ಯದ ಮೇಲೂ ಅನುಮಾನ ತರುತ್ತದೆ. ದೇವಯ್ಯನವರ ಕಥೆ ಗಟ್ಟಿಯಾಗಿ ನಿಂತಿರುವುದು ಅದು ಎದುರಾಳಿಯ ದಾಖಲೆಯಲ್ಲೂ ಇದೆ ಎಂಬ ಕಾರಣಕ್ಕೆ.

ಒಬ್ಬ ಯೋಧನಿಗೆ ನ್ಯಾಯ ಸಿಗಲು ಎದುರಾಳಿ ಬದುಕಿ ಉಳಿಯಬೇಕಾಯಿತು, ಪರದೇಶದ ಲೇಖಕ ಪುಸ್ತಕ ಬರೆಯಬೇಕಾಯಿತು. ಮುಂದಿನ ಯೋಧನ ಸಾಕ್ಷ್ಯ ನಮ್ಮದೇ ತಾಲೂಕಿನ ವಿದ್ಯಾರ್ಥಿಯ ಬರಹದಲ್ಲಿ ಸಿಗುವಂತಾಗಲಿ. ಈ ಕೆಲಸವನ್ನು ಈ ವರ್ಷವೇ ಶುರುಮಾಡಬೇಕು, ಏಕೆಂದರೆ ಹೇಳುವವರು ಕಾಯುವ ವಯಸ್ಸಿನಲ್ಲಿಲ್ಲ.